ಅಂಗೈಯೊಳಗಿನ ದಿಕ್ಕು

ಕನ್ನಡದಲ್ಲಿ ದಿಕ್ಕು ಎಂಬ ಮಾತಿಗೆ ಎರಡು ಅರ್ಥಗಳುಂಟು. ಮೂಡಣ, ಪಡುವಣ, ತೆಂಕಣ, ಬಡಗಣ ಎಂಬುವು ದಿಕ್ಕುಗಳು. ಆಪತ್ತಿನಲ್ಲಿ ಕೈಹಿಡಿಯುವ ಆಸರೆಯೂ ದಿಕ್ಕೇ. ದಿಕ್ಕಿಲ್ಲದವನೆಂದರೆ ಅನಾಥ. ದಿಕ್ಕುಗೆಟ್ಟವನೆಂದರೆ ದಾರಿ ತಪ್ಪಿದವನು ಮಾತ್ರವಲ್ಲ, ಧೈರ್ಯಗುಂದಿದವನು ಕೂಡ. ತಾನೆಲ್ಲಿದ್ದೇನೆಂಬುದು ತಿಳಿಯದವನಿಗೆ ಬಲವೂ ಬುದ್ಧಿಯೂ ಒದಗುವುದಿಲ್ಲವೆಂಬುದನ್ನು ನಮ್ಮ ಹಿರಿಯರು ಒಂದೇ ಮಾತಿನಲ್ಲಿ ಅಡಗಿಸಿಟ್ಟರು.

ಈ ಮಾತಿನ ನಿಜ ನೆಲದ ಮೇಲಿರುವವರಿಗಿಂತ ಆಕಾಶದಲ್ಲಿರುವವನಿಗೆ ಹೆಚ್ಚು ಚೆನ್ನಾಗಿ ತಿಳಿದೀತು. ಅದರಲ್ಲಿಯೂ ಯಂತ್ರವಿಲ್ಲದ ವಿಮಾನದಲ್ಲಿ, ಎಂದರೆ ಗ್ಲೈಡರಿನಲ್ಲಿ, ಒಬ್ಬನೇ ಕುಳಿತವನಿಗೆ. ಈಗ ಅಂಥವನ ಮೊಣಕಾಲಿನ ಬಳಿ ಅಂಗೈಯಗಲದ ಒಂದು ಪರದೆ ಇರುತ್ತದೆ. ಅವನೆಲ್ಲಿದ್ದಾನೆ, ಎಷ್ಟು ಎತ್ತರದಲ್ಲಿದ್ದಾನೆ, ಗಾಳಿ ಎತ್ತಣಿಂದ ಬೀಸುತ್ತಿದೆ, ಮುಂದಿನ ಮೈದಾನವನ್ನು ಮುಟ್ಟಬಲ್ಲನೇ ಎಂಬುದನ್ನು ಅದು ಚಿತ್ರದಲ್ಲಿಯೂ ಅಂಕಿಯಲ್ಲಿಯೂ ತೋರಿಸುತ್ತದೆ. ಈ ಪುಟ್ಟ ಪರದೆಯ ಹಿಂದೆ ದೊಡ್ಡ ಚರಿತ್ರೆಯೊಂದಿದೆ. ಅದರ ಕೆಲವು ಮುಖ್ಯ ಪ್ರಕರಣಗಳು ನಮ್ಮ ಕನ್ನಡ ನಾಡಿನಲ್ಲಿಯೇ ನಡೆದವು.

ಮೊದಲು ಗ್ಲೈಡರ್ ಹಾರುವ ಬಗೆಯನ್ನು ತಿಳಿಯೋಣ. ರಾಯಚೂರು ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಚೈತ್ರ ವೈಶಾಖಗಳಲ್ಲಿ ದೇವದುರ್ಗ, ಮಾನವಿಗಳ ಎರೆಭೂಮಿ ಬಿಸಿಲಿಗೆ ಕಾದು ಬಿರುಕು ಬಿಡುತ್ತದೆ. ನಡುಹಗಲಿನ ಹೊತ್ತಿಗೆ ಹೊಲದ ಮೇಲೆ ಧೂಳಿನ ಸುಳಿ ಎದ್ದು ಕಂಬದಂತೆ ಮೇಲೇರುತ್ತದೆ. ಅದೇ ಹೊತ್ತಿನಲ್ಲಿ ತಲೆಯೆತ್ತಿ ನೋಡಿದರೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಎತ್ತರ ಎತ್ತರಕ್ಕೆ ಹೋಗುತ್ತಿರುತ್ತವೆ. ಕಾದ ನೆಲದಿಂದ ಬಿಸಿಗಾಳಿ ಮೇಲೇಳುತ್ತದೆ. ಹದ್ದು ಆ ಗಾಳಿಯೊಳಗೇ ಸುತ್ತುತ್ತ ಬಿಟ್ಟಿಯಾಗಿ ಎತ್ತರ ಗಳಿಸುತ್ತದೆ. ಗ್ಲೈಡರಿನವನು ಮಾಡುವುದೂ ಅದನ್ನೇ. ಗಾಲಿಯಂತ್ರದ ಹಗ್ಗದಿಂದಲೋ ಇನ್ನೊಂದು ವಿಮಾನದ ಹಿಂದೆ ಕಟ್ಟಿಸಿಕೊಂಡೋ ಮೇಲೇರುತ್ತಾನೆ, ಹಗ್ಗ ಬಿಡುತ್ತಾನೆ. ಅಲ್ಲಿಂದ ಮುಂದೆ ಎತ್ತರವೇ ಅವನ ಬಂಡವಾಳ. ಏರುಗಾಳಿ ಸಿಕ್ಕಲ್ಲಿ ಗಳಿಸುತ್ತಾನೆ. ಮುಂದೆ ಸಾಗುವಾಗ ವೆಚ್ಚ ಮಾಡುತ್ತಾನೆ.

ಈ ಜಮಾಖರ್ಚಿನ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಒಂದು ಕಿಲೋಮೀಟರು ಎತ್ತರ ಕಳೆದುಕೊಳ್ಳುವಷ್ಟರಲ್ಲಿ ೩೦ ಕಿಲೋಮೀಟರು ಮುಂದೆ ಜಾರಬಲ್ಲ ಗ್ಲೈಡರೊಂದು ಗಬ್ಬೂರಿನ ಮೇಲೆ ಒಂದು ಕಿಲೋಮೀಟರು ಎತ್ತರದಲ್ಲಿದೆ ಎನ್ನೋಣ. ಅದರ ವೇಗ ಗಂಟೆಗೆ ೯೦ ಕಿಲೋಮೀಟರು. ಗಾಳಿ ನಿಶ್ಚಲವಾಗಿದ್ದರೆ ಅದು ೨೦ ನಿಮಿಷ ಜಾರಿ ರಾಯಚೂರನ್ನು ಮುಟ್ಟಬಹುದು. ಮುಂಗಾರಿನ ಪಡುವಣ ಗಾಳಿ ಗಂಟೆಗೆ ೩೦ ಕಿಲೋಮೀಟರಿನಂತೆ ಬೆನ್ನಿಗೆ ಬೀಸಿದರೆ ಅದೇ ೨೦ ನಿಮಿಷಗಳಲ್ಲಿ ೪೦ ಕಿಲೋಮೀಟರು ಸಾಗುತ್ತದೆ. ಆದರೆ ರಾಯಚೂರಿನಿಂದ ಗಬ್ಬೂರಿಗೆ ಹಿಂದಿರುಗುವಾಗ ಅದೇ ಗಾಳಿ ಎದುರಾಗುತ್ತದೆ. ೨೦ ಕಿಲೋಮೀಟರು ಸಾಗುವಷ್ಟರಲ್ಲಿ ಎತ್ತರವೆಲ್ಲ ಮುಗಿದು, ಊರು ಕಣ್ಣಿಗೆ ಕಾಣುತ್ತಿದ್ದರೂ ಹೊಲದಲ್ಲಿ ಇಳಿಯಬೇಕಾಗುತ್ತದೆ. ಹೋದ ದಾರಿಯೇ ಬರುವ ದಾರಿಯಲ್ಲ. ಈ ಲೆಕ್ಕವನ್ನು ಹಾರುತ್ತಲೇ ಮಾಡಬೇಕು, ಮಾಡುತ್ತಲೇ ಇರಬೇಕು. ತಪ್ಪಿದರೆ ತಿದ್ದಿಕೊಳ್ಳಲು ಯಂತ್ರದ ಬಲವಿಲ್ಲ.

ತಾನೆಲ್ಲಿದ್ದೇನೆಂಬುದನ್ನು ಅಳತೆಯಿಂದ ನಿರ್ಧರಿಸುವ ಕೆಲಸ ನಮ್ಮ ನಾಡಿನಲ್ಲಿ ವಿಮಾನಕ್ಕಿಂತ ಒಂದು ಶತಮಾನ ಮೊದಲೇ ಆರಂಭವಾಗಿತ್ತು. ಶ್ರೀರಂಗಪಟ್ಟಣದ ಪತನವಾದ ಮರುವರ್ಷ, ೧೮೦೦ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಒಂದು ನೇರ ರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದನು. ತ್ರಿಕೋನದ ಒಂದು ಬಾಹುವೂ ಎರಡು ಕೋನಗಳೂ ತಿಳಿದರೆ ಉಳಿದ ಬಾಹುಗಳನ್ನು ಅಳೆಯದೆಯೇ ಲೆಕ್ಕ ಹಾಕಬಹುದೆಂಬುದು ಪ್ರೌಢಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಹೀಗೆ ತ್ರಿಕೋನಕ್ಕೆ ತ್ರಿಕೋನ ಹೆಣೆಯುತ್ತ ಅವನ ಕೆಲಸ ದಕ್ಷಿಣದಿಂದ ಉತ್ತರಕ್ಕೆ ಬೆಳೆಯಿತು. ೧೮೧೧ರಲ್ಲಿ ಗುತ್ತಿಯಲ್ಲಿಯೂ ೧೮೧೫ರಲ್ಲಿ ಬೀದರಿನ ಕಡೆಯ ದಾಮರಗಿದ್ದದಲ್ಲಿಯೂ ಮತ್ತೆ ಆಧಾರರೇಖೆಗಳನ್ನು ಅಳೆದರು. ನಮ್ಮ ರಾಯಚೂರು ದೋಆಬಿನ ಮೂಡಣ ಮಗ್ಗುಲಲ್ಲಿಯೇ ಈ ಅಳತೆಯ ಸಾಲು ಹಾದುಹೋಯಿತು.

ಅಂದಿನ ಕೋನಮಾಪಕ ಅರ್ಧ ಟನ್ ತೂಕದ್ದು. ಅದನ್ನು ನೆಲೆಗೊಳಿಸಲು ಎತ್ತರವಾದ ಸ್ಥಳ ಬೇಕು. ಗುಡ್ಡವಿಲ್ಲದ ಬಯಲಿನಲ್ಲಿ ಅವರಿಗೆ ಒದಗಿದ್ದು ದೇವಾಲಯಗಳ ಗೋಪುರ. ೧೮೦೮ರಲ್ಲಿ ತಂಜಾವೂರಿನ ದೊಡ್ಡ ದೇಗುಲದ ಮೇಲಕ್ಕೆ ಏರಿಸುವಾಗಲೇ ಆ ಯಂತ್ರ ಗೋಡೆಗೆ ಬಡಿದು ಜಖಂ ಆಯಿತು. ಗಬ್ಬೂರಿನ ಹಳೆಯ ಹೆಸರು ಗೋಪುರಗ್ರಾಮವೆಂದು ಹೇಳುತ್ತಾರೆ. ಮಲೆ ಶಂಕರ, ವೆಂಕಟೇಶ್ವರ, ಬಂಗಾರ ಬಸಪ್ಪ ಮೊದಲಾದ ದೇವಾಲಯಗಳಿಂದ ತುಂಬಿದ ಊರಿಗೆ ಅದು ಒಪ್ಪುವ ಹೆಸರೇ. ಬಯಲುಸೀಮೆಯಲ್ಲಿ ಗೋಪುರ ದೇವರ ಗುರುತು. ದಾರಿಹೋಕನಿಗೆ ಊರಿನ ಗುರುತೂ ಹೌದು.

ವಿಮಾನಗಳು ಬಂದ ಮೇಲೆ ಚಾಲಕರು ಓದಿದ್ದೂ ಇಂಥ ಗುರುತುಗಳನ್ನೇ. ಮಡಿಸಿದ ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಳೆ, ಕೆರೆ, ಕೋಟೆ, ರೈಲುದಾರಿಗಳೊಡನೆ ತಾಳೆ ನೋಡುತ್ತಿದ್ದರು. ನಮ್ಮ ಸೀಮೆ ಅದಕ್ಕೆ ಬಹು ಅನುಕೂಲವಾದದ್ದು: ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ, ನಡುವೆ ಮುಂಬಯಿ ಮತ್ತು ಮದರಾಸುಗಳ ರೈಲುದಾರಿಗಳು ೧೮೭೧ರಲ್ಲಿ ಸಂಧಿಸಿದ ರಾಯಚೂರು. ಈಗಾದರೆ ಶಕ್ತಿನಗರದ ವಿದ್ಯುತ್ ಸ್ಥಾವರದ ಹೊಗೆಕೊಳವೆಗಳು ಬಹು ದೂರದಿಂದ ಕಾಣುತ್ತವೆ. ಅವುಗಳ ಹೊಗೆ ವಾಲಿದ ಕಡೆಯನ್ನು ನೋಡಿದರೆ ಗಾಳಿಯ ದಿಕ್ಕೂ ತಿಳಿಯುತ್ತದೆ.

ಗ್ಲೈಡರಿನವರಿಗೆ ಇಷ್ಟು ಸಾಲದು. ಗಾಳಿ ತನ್ನನ್ನು ಎತ್ತುತ್ತಿದೆಯೋ ಇಳಿಸುತ್ತಿದೆಯೋ ಎಂಬುದನ್ನು ಮೈ ತಿಳಿಯಲಾರದು. ಇದನ್ನು ತಿಳಿಸುವ ವೇರಿಯೋಮೀಟರ್ ಎಂಬ ಉಪಕರಣವನ್ನು ೧೯೨೮ರ ಸುಮಾರಿಗೆ ಆಸ್ಟ್ರಿಯದ ರಾಬರ್ಟ್ ಕ್ರೋನ್‌ಫೆಲ್ಡ್ ಗ್ಲೈಡರಿನಲ್ಲಿ ಬಳಸಿದನು. ಅಂದಿನಿಂದ ಗ್ಲೈಡರುಗಳು ಗುಡ್ಡದ ಬುಡ ಬಿಟ್ಟು ಬಯಲಿನ ಮೇಲೆ ನೂರಾರು ಕಿಲೋಮೀಟರು ಪಯಣ ಮಾಡತೊಡಗಿದವು. ಏರುಗಾಳಿಯ ಬಲಕ್ಕೆ ತಕ್ಕಂತೆ ಎಷ್ಟು ವೇಗದಲ್ಲಿ ಮುಂದುವರಿಯಬೇಕೆಂಬ ಲೆಕ್ಕವನ್ನು ಅಮೆರಿಕದ ಪಾಲ್ ಮೆಕ್‌ಕ್ರೆಡಿ ಒಂದು ಬಳೆಯ ಮೇಲೆ ಗುರುತಿಸಿ ಈ ಉಪಕರಣದ ಸುತ್ತ ತೊಡಿಸಿದನು. ೧೯೫೬ರಲ್ಲಿ ಅವನೇ ಜಗತ್ತಿನ ಗ್ಲೈಡಿಂಗ್ ಪಂದ್ಯದಲ್ಲಿ ಗೆದ್ದನು. ಈಗಿನ ಪರದೆಗಳಲ್ಲಿ ಅವನ ಹೆಸರಿನ ಅಂಕಿಯೊಂದು ಇಂದಿಗೂ ಕಾಣುತ್ತದೆ.

ಈ ವಿದ್ಯೆ ನಮ್ಮಲ್ಲಿಗೆ ಬಂದುದು ಹೇಗೆಂಬುದನ್ನೂ ಹೇಳಬೇಕು. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅಲ್ಲಿ ಯುದ್ಧಕಾಲದಲ್ಲಿಯೇ ಹತ್ತು ಜನ ಕೂಡಬಹುದಾದ ಒಂದು ಗ್ಲೈಡರು ತಯಾರಾಯಿತು. ಅದನ್ನು ರೂಪಿಸಿದವರು ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಾಂಟ್ಲ್ ಅವರ ಶಿಷ್ಯರಾಗಿದ್ದ ಡಾ. ವಿ. ಎಂ. ಘಾಟಗೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೪೨ರಲ್ಲಿ ಆರಂಭವಾದ ವಿಮಾನಶಾಸ್ತ್ರ ವಿಭಾಗಕ್ಕೆ ಮೊದಲ ಮುಖ್ಯಸ್ಥರೂ ಅವರೇ. ಆ ಮಾದರಿಯಲ್ಲಿ ಒಂದೇ ಒಂದು ಗ್ಲೈಡರು ತಯಾರಾದರೂ ಬೆಂಗಳೂರಿನಲ್ಲಿ ಚಿತ್ರಿಸಿ ಕಟ್ಟಿದ ಹಾರುವ ವಸ್ತುಗಳ ಸಾಲಿಗೆ ಅದು ನಾಂದಿಯಾಯಿತು. ಬಳಿಕ ದೆಹಲಿಯ ನಾಗರಿಕ ವಿಮಾನ ಇಲಾಖೆಯವರು ತಾವು ರೂಪಿಸಿದ ಗ್ಲೈಡರುಗಳಿಗೆ ನಕ್ಷತ್ರಗಳ ಹೆಸರಿಟ್ಟರು: ಅಶ್ವಿನಿ, ಭರಣಿ, ಕಾರ್ತಿಕ, ರೋಹಿಣಿ, ಮೃಗಶಿರ, ಆರ್ದ್ರಾ. ಪಂಚಾಂಗ ಬಲ್ಲವರು ಇದರ ಅನುಕ್ರಮವನ್ನು ಕೂಡಲೇ ಗುರುತಿಸಿಯಾರು. ರೋಹಿಣಿ ಮೊದಲು ಹಾರಿದ್ದು ೧೯೬೧ರಲ್ಲಿ, ಆರ್ದ್ರಾ ೧೯೭೯ರಲ್ಲಿ. ಇರುಳಿನ ಪಯಣಿಗನಿಗೆ ಹಿಂದೆ ನಕ್ಷತ್ರವೇ ದಿಕ್ಕು ಹೇಳುತ್ತಿತ್ತು. ಆ ಹೆಸರು ಹೊತ್ತ ಗ್ಲೈಡರುಗಳಿಗೆ ದಿಕ್ಕು ಹೇಳಲು ಮನುಷ್ಯನೇ ನಕ್ಷತ್ರಗಳನ್ನು ಹಾರಿಬಿಡುವ ಕಾಲವೂ ಬಂತು.

ಅವೇ ಜಿ.ಪಿ.ಎಸ್. ಎಂಬ ಅಮೆರಿಕದ ಉಪಗ್ರಹಗಳು. ಇವುಗಳಲ್ಲಿ ಪರಮಾಣು ಗಡಿಯಾರಗಳಿವೆ. ಒಂದೊಂದು ಉಪಗ್ರಹವೂ ತನ್ನ ಸ್ಥಾನವನ್ನೂ ಗಳಿಗೆಯನ್ನೂ ರೇಡಿಯೋ ಅಲೆಗಳಲ್ಲಿ ಸಾರುತ್ತಿರುತ್ತದೆ. ಮನೆಯ ರೇಡಿಯೋ ಪೆಟ್ಟಿಗೆ ನಿಲಯದ ಮಾತನ್ನು ಹಿಡಿಯುವಂತೆ ಕೈಯಲ್ಲಿನ ಉಪಕರಣ ಆ ಅಲೆಗಳನ್ನು ಹಿಡಿಯುತ್ತದೆ. ಅಲೆ ಬರಲು ಹಿಡಿದ ಕಾಲದಿಂದ ಉಪಗ್ರಹದ ದೂರ ತಿಳಿಯುತ್ತದೆ. ನಾಲ್ಕು ಉಪಗ್ರಹಗಳ ದೂರ ತಿಳಿದರೆ ತನ್ನ ಸ್ಥಾನವೂ ಎತ್ತರವೂ ತಿಳಿಯುತ್ತವೆ. ಲ್ಯಾಂಬ್ಟನ್ ಅಳೆದದ್ದು ಕೋನ, ಇಲ್ಲಿ ಅಳೆಯುವುದು ದೂರ. ಜ್ಯಾಮಿತಿ ಮಾತ್ರ ಅದೇ. ಗಳಿಗೆಯ ಲೆಕ್ಕದಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ ೩೦೦ ಮೀಟರು ತಪ್ಪುತ್ತದೆ.

ಸೈನ್ಯಕ್ಕೆಂದು ಹುಟ್ಟಿದ ಈ ವ್ಯವಸ್ಥೆಯನ್ನು ಜನಸಾಮಾನ್ಯರಿಗೂ ತೆರೆದಿಡುವುದಾಗಿ ಅಮೆರಿಕ ಸಾರಿದ್ದು ೧೯೮೩ರಲ್ಲಿ. ಆ ವರ್ಷ ದಾರಿ ತಪ್ಪಿ ಸೋವಿಯತ್ ಸೀಮೆಯ ಮೇಲೆ ಹಾರಿದ ಕೊರಿಯದ ಪ್ರಯಾಣಿಕ ವಿಮಾನವೊಂದನ್ನು ಹೊಡೆದುರುಳಿಸಿದ್ದರಿಂದ ೨೬೯ ಮಂದಿ ಮಡಿದಿದ್ದರು. ೧೯೮೯ರಲ್ಲಿ ಕೈಯಲ್ಲಿ ಹಿಡಿಯುವ ಉಪಕರಣ ಅಂಗಡಿಗೆ ಬಂತು. ಆದರೂ ಸಾಮಾನ್ಯರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸಲಾಗುತ್ತಿತ್ತು. ಸ್ಥಾನ ನೂರು ಮೀಟರಿನಷ್ಟು ಅತ್ತಿತ್ತಾಗುತ್ತಿತ್ತು. ೨೦೦೦ದ ಮೇ ತಿಂಗಳಲ್ಲಿ ಆ ಬೆರಕೆಯನ್ನು ನಿಲ್ಲಿಸಿದರು. ಅಷ್ಟು ಹೊತ್ತಿಗೆ ಗ್ಲೈಡರಿನ ಪಂದ್ಯಗಳಲ್ಲಿ ತಿರುವಿನ ಸ್ಥಳಗಳ ಛಾಯಾಚಿತ್ರ ತೆಗೆದು ಸಾಕ್ಷಿ ಒಪ್ಪಿಸುವ ಪದ್ಧತಿ ಹೋಗಿ, ಪಯಣವನ್ನು ತಾನೇ ಬರೆದಿಡುವ ಪೆಟ್ಟಿಗೆಗಳು ಬಂದಿದ್ದವು. ಮುಂದೆ ಅಂಗೈ ಗಣಕಗಳೂ ಆಮೇಲೆ ಮೊಬೈಲ್ ಫೋನುಗಳೂ ಗ್ಲೈಡರನ್ನು ಹತ್ತಿದವು. ನಕ್ಷೆ, ಗಾಳಿ, ಮೆಕ್‌ಕ್ರೆಡಿಯ ಲೆಕ್ಕ ಎಲ್ಲವೂ ಒಂದೇ ಪರದೆಯೊಳಗೆ ಸೇರಿದವು. ಎಕ್ಸ್‌ಸಿಸೋರ್ ಎಂಬ ಇಂಥ ಒಂದು ಲೆಕ್ಕದ ಕ್ರಮವನ್ನು ೨೦೦೫ರಿಂದ ಯಾರು ಬೇಕಾದರೂ ಬಿಟ್ಟಿಯಾಗಿ ಪಡೆದು ತಿದ್ದಿ ಬಳಸಬಹುದಾಗಿದೆ.

ಇಷ್ಟಾದರೂ ಒಂದು ಎಡರು ಉಳಿಯಿತು. ಪರದೆ ಎಲ್ಲವನ್ನೂ ಬಲ್ಲದು. ಆದರೆ ಅದನ್ನು ಓದುವುದು ಹೇಗೆ? ಗ್ಲೈಡರಿನ ತಲೆಯ ಮೇಲಿರುವುದು ಪಾರದರ್ಶಕವಾದ ಗುಮ್ಮಟ. ಏರುಗಾಳಿ ಹುಟ್ಟುವುದೇ ಉರಿಬಿಸಿಲಿನಲ್ಲಿ. ಆದ್ದರಿಂದ ಗ್ಲೈಡರಿಗೆ ಒಳ್ಳೆಯ ಹೊತ್ತೆಂದರೆ ಪರದೆಗೆ ಕೆಟ್ಟ ಹೊತ್ತು. ಬಿಸಿಲು ಬಿದ್ದ ಪರದೆ ಬೂದು ಹಲಗೆಯಾಗುತ್ತದೆ. ಅದರಲ್ಲಿ ತನ್ನ ಮುಖವೇ ಕಾಣುತ್ತದೆ. ಬೆಳಕು ಹೆಚ್ಚಿಸಿದರೆ ಬ್ಯಾಟರಿ ಬೇಗ ತೀರುತ್ತದೆ. ಉಪಕರಣ ಕಾದರೆ ತಾನಾಗಿಯೇ ಮಂಕಾಗುತ್ತದೆ. ಗ್ಲೈಡರು ಸುತ್ತು ಹಾಕುವಾಗ ಬಿಸಿಲು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಬೀಳುತ್ತದೆ.

ಶಾಸನಗಳನ್ನು ಓದಿ ಬಲ್ಲವರಿಗೆ ಈ ಕಷ್ಟ ಹೊಸದಲ್ಲ. ಗಬ್ಬೂರಿನಂಥ ಊರುಗಳಲ್ಲಿ ಸವೆದ ಶಾಸನದ ಕಲ್ಲುಗಳ ಮುಂದೆ ನಡುಹಗಲಿನಲ್ಲಿ ನಿಂತರೆ ಅಕ್ಷರ ಕಾಣುವುದಿಲ್ಲ. ಬರಿಯ ಕಲ್ಲು ಕಾಣುತ್ತದೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಬಿದ್ದಾಗ ಗೆರೆಗಳಲ್ಲಿ ನೆರಳು ತುಂಬಿ ಅಕ್ಷರಗಳು ಮೇಲೇಳುತ್ತವೆ. ಬೆಳಕು ಹೆಚ್ಚಿದ ಮಾತ್ರಕ್ಕೆ ಓದು ಸುಲಭವಾಗದು; ಬೆಳಕು ಬರುವ ಬಗೆ ಮುಖ್ಯ. ಶಾಸನದ ಓದುಗನು ಸಂಜೆಯವರೆಗೆ ಕಾಯಬಲ್ಲ, ಗ್ಲೈಡರಿನವನು ಕಾಯಲಾರ.

ಪರದೆಯ ಒಳಗನ್ನು ನೋಡಿದರೆ ಈ ಎಡರಿನ ಕಾರಣವೂ ತಿಳಿಯುತ್ತದೆ, ಅದರ ಪರಿಹಾರದಲ್ಲಿ ಕನ್ನಡ ನಾಡಿನ ಪಾಲೂ ತಿಳಿಯುತ್ತದೆ. ಹೆಚ್ಚಿನ ಪರದೆಗಳು ದ್ರವಸ್ಫಟಿಕದವು. ಹರಿಯುವುದರಲ್ಲಿ ದ್ರವದಂತೆ, ಅಣುಗಳ ಓರಣದಲ್ಲಿ ಸ್ಫಟಿಕದಂತೆ ಇರುವ ಈ ವಸ್ತುವನ್ನು ೧೮೮೮ರಲ್ಲಿ ಆಸ್ಟ್ರಿಯದ ರೈನಿಟ್ಜರ್ ಮೊದಲು ಕಂಡನು. ೧೯೭೦ರ ಸುಮಾರಿನಲ್ಲಿ ಅದರಿಂದ ಅಂಕಿ ತೋರಿಸುವ ಬಗೆ ಸಿದ್ಧಿಸಿತು. ಎರಡು ಧ್ರುವಣ ಹಾಳೆಗಳ ನಡುವೆ ದ್ರವಸ್ಫಟಿಕವಿರುತ್ತದೆ. ವಿದ್ಯುತ್ತಿನಿಂದ ಅಣುಗಳು ತಿರುಗಿದಂತೆ ಬೆಳಕು ಹಾಯುತ್ತದೆ, ಇಲ್ಲವೆ ತಡೆಯುತ್ತದೆ. ಈ ಕಾರಣದಿಂದಲೇ ಕೆಲವು ತಂಪು ಕನ್ನಡಕಗಳನ್ನು ಹಾಕಿಕೊಂಡು ನೋಡಿದರೆ ಪರದೆ ಕಪ್ಪಾಗಿ ಕಾಣುತ್ತದೆ. ಆ ಕನ್ನಡಕದ ಗಾಜೂ ಧ್ರುವಣ ಹಾಳೆಯೇ. ಅಡ್ಡವಾದರೆ ಬೆಳಕು ಪೂರ್ತಿ ನಿಂತುಹೋಗುತ್ತದೆ. ಪರದೆ ಕೆಟ್ಟಿತೆಂದು ಹೆದರುವ ಮೊದಲು ತಲೆಯನ್ನು ಸ್ವಲ್ಪ ವಾಲಿಸಿ ನೋಡಬೇಕು.

ಹಳೆಯ ದ್ರವಸ್ಫಟಿಕದ ಪರದೆಗಳಿಗೆ ಇನ್ನೊಂದು ಕೊರತೆಯಿತ್ತು. ನೇರವಾಗಿ ನೋಡಿದರೆ ಮಾತ್ರ ಸರಿಯಾಗಿ ಕಾಣುತ್ತಿತ್ತು. ಓರೆಯಿಂದ ನೋಡಿದರೆ ಬಣ್ಣ ಕೆಟ್ಟು ಚಿತ್ರ ಅಳಿಸುತ್ತಿತ್ತು. ಇಕ್ಕಟ್ಟಿನ ಗ್ಲೈಡರಿನಲ್ಲಿ ಒರಗಿ ಕುಳಿತವನಿಗೆ ಮೊಣಕಾಲ ಬಳಿಯ ಪರದೆ ಕಾಣುವುದು ಓರೆಯಾಗಿಯೇ. ಇಲ್ಲಿ ನೆನೆಯಬೇಕಾದವರು ಪ್ರೊ. ಎಸ್. ಚಂದ್ರಶೇಖರ್. ೧೯೬೧ರಿಂದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇವರು ೧೯೭೧ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕಗಳ ಪ್ರಯೋಗಶಾಲೆಯನ್ನು ಕಟ್ಟಿದರು. ಅದುವರೆಗೆ ತಿಳಿದಿದ್ದ ದ್ರವಸ್ಫಟಿಕಗಳ ಅಣುಗಳು ಕಡ್ಡಿಯಂತೆ ಉದ್ದನೆಯವು. ಬಿಲ್ಲೆಯಂತೆ ಚಪ್ಪಟೆಯಾದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂಬುದನ್ನು ೧೯೭೭ರಲ್ಲಿ ಅವರು ಸಹೋದ್ಯೋಗಿಗಳೊಡನೆ ತೋರಿಸಿಕೊಟ್ಟರು. ಅಂದು ಅದು ಕೇವಲ ಜ್ಞಾನದ ಲಾಭ. ಎರಡು ದಶಕಗಳು ಕಳೆಯುವಷ್ಟರಲ್ಲಿ ಜಪಾನಿನವರು ಬಿಲ್ಲೆಯಣುಗಳ ತೆಳುಹಾಳೆಯನ್ನು ಪರದೆಗಳಿಗೆ ಅಂಟಿಸಿ, ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಮಾಡಿದರು. ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಕಂಡ ಸತ್ಯ ಜಗತ್ತಿನ ಕಣ್ಣಿಗೆ ಹೀಗೆ ನೆರವಾಯಿತು. ೧೯೯೧ರಲ್ಲಿ ಚಂದ್ರಶೇಖರರು ಜಾಲಹಳ್ಳಿಯಲ್ಲಿ ಈ ಶಾಸ್ತ್ರಕ್ಕೆಂದೇ ಒಂದು ಕೇಂದ್ರವನ್ನು ನೆಲೆಗೊಳಿಸಿದರು, ೨೦೦೪ರಲ್ಲಿ ತೀರಿಕೊಂಡರು.

ಪರದೆ ಚೆನ್ನಾಗಿ ಕಂಡರಾಯಿತೇ? ಅದರೊಳಗಿನ ಸುದ್ದಿ ಯಾರದು ಎಂಬ ಪ್ರಶ್ನೆಯೂ ಇದೆ. ಬೇರೊಂದು ದೇಶ ಬೇಕೆಂದಾಗ ತಪ್ಪು ಬೆರೆಸಬಲ್ಲ ಸಂಕೇತವನ್ನೇ ನಂಬಿ ಕೂಡುವುದು ದಿಕ್ಕನ್ನು ಸಾಲ ತಂದಂತೆ. ಈ ಕಾರಣದಿಂದ ನಮ್ಮ ಬಾಹ್ಯಾಕಾಶ ಸಂಸ್ಥೆಯೂ ವಿಮಾನ ನಿಲ್ದಾಣಗಳ ಪ್ರಾಧಿಕಾರವೂ ಸೇರಿ ಗಗನ್ ಎಂಬ ವ್ಯವಸ್ಥೆಯನ್ನು ಕಟ್ಟಿದವು. ಅದು ಜಿ.ಪಿ.ಎಸ್. ಸಂಕೇತದಲ್ಲಿನ ತಪ್ಪನ್ನು ನೆಲದ ಮೇಲಿನ ಠಾಣೆಗಳಿಂದ ಕಂಡುಹಿಡಿದು, ತಿದ್ದುಪಡಿಯನ್ನು ನಮ್ಮ ಉಪಗ್ರಹಗಳ ಮೂಲಕ ವಿಮಾನಗಳಿಗೆ ತಿಳಿಸುತ್ತದೆ. ಇದರ ಮುಖ್ಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ವಿಮಾನಗಳು ಬಳಸಲು ೨೦೧೩ರ ಡಿಸೆಂಬರಿನಲ್ಲಿ ಒಪ್ಪಿಗೆ ದೊರೆಯಿತು. ಅದೇ ವರ್ಷ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ನಮ್ಮದೇ ದಿಕ್ಸೂಚಿ ಉಪಗ್ರಹಗಳ ಕೇಂದ್ರ ಆರಂಭವಾಯಿತು, ಮೊದಲ ಉಪಗ್ರಹವೂ ಹಾರಿತು. ೨೦೧೬ರಲ್ಲಿ ಏಳನೆಯದು ಹಾರಿದಾಗ ಈ ಬಳಗಕ್ಕೆ ನಾವಿಕ್ ಎಂದು ಹೆಸರಾಯಿತು. ದಾರಿ ಸುಗಮವಾಗಿರಲಿಲ್ಲ. ವಿದೇಶದಿಂದ ತಂದ ಪರಮಾಣು ಗಡಿಯಾರಗಳು ಮೊದಲ ಉಪಗ್ರಹದಲ್ಲಿಯೇ ಕೆಟ್ಟವು. ಆದರೆ ಆ ಸೋಲಿನಿಂದ ಸ್ವಂತ ಗಡಿಯಾರ ಮಾಡುವ ಹಟ ಬಲಿಯಿತು. ೨೦೨೩ರ ಮೇ ತಿಂಗಳಲ್ಲಿ ಹಾರಿದ ಉಪಗ್ರಹ ಸ್ವದೇಶದ ಗಡಿಯಾರವನ್ನು ಹೊತ್ತೊಯ್ದಿತು.

ಇಷ್ಟೆಲ್ಲ ಸಾಧನೆಯ ನಂತರ ಉಳಿಯುವ ಮಾತೊಂದಿದೆ, ಅದೇ ಎಲ್ಲಕ್ಕಿಂತ ದೊಡ್ಡದು. ಒಂದೇ ಏರುಗಾಳಿಯಲ್ಲಿ ಎರಡು ಮೂರು ಗ್ಲೈಡರುಗಳು ಒಟ್ಟಿಗೆ ಸುತ್ತುವುದುಂಟು. ಗಂಟೆಗೆ ೯೦ ಕಿಲೋಮೀಟರಿನಂತೆ ಹೋಗುವವನು ನಾಲ್ಕು ಸೆಕೆಂಡು ಪರದೆಯ ಮೇಲೆ ಕಣ್ಣಿಟ್ಟರೆ ನೂರು ಮೀಟರು ದೂರ ಕುರುಡಾಗಿ ಹಾರಿದಂತಾಯಿತು. ಬಿಸಿಲಿಗೆ ಮಂಕಾದ ಪರದೆ ಆ ನಾಲ್ಕನ್ನು ಎಂಟು ಮಾಡುತ್ತದೆ. ದೂರ ನೋಡುತ್ತಿದ್ದ ಕಣ್ಣನ್ನು ಹತ್ತಿರದ ಅಂಕಿಗೆ ಹೊಂದಿಸಿ ಮತ್ತೆ ದೂರಕ್ಕೆ ಒಯ್ಯುವ ಕಾಲವೂ ಇದಕ್ಕೆ ಸೇರಬೇಕು. ವಯಸ್ಸಾದವರಿಗೆ ಅದು ಇನ್ನೂ ಹೆಚ್ಚು. ಸ್ವಿಟ್ಜರ್ಲೆಂಡಿನವರು ೨೦೦೪ರಲ್ಲಿ ಫ್ಲಾರ್ಮ್ ಎಂಬ ಸಾಧನವನ್ನು ತಂದರು. ಅದು ಹತ್ತಿರ ಬರುವ ಗ್ಲೈಡರನ್ನು ಕಂಡು ಕೂಗಿ ಎಚ್ಚರಿಸುತ್ತದೆ. ಆದರೆ ಆ ಸಾಧನವಿಲ್ಲದ ವಿಮಾನ ಅದಕ್ಕೆ ಕಾಣದು; ಹದ್ದಂತೂ ಕಾಣುವುದೇ ಇಲ್ಲ. ಆದ್ದರಿಂದ ಅನುಭವಿಗಳು ಪರದೆಯಲ್ಲಿ ಅಂಕಿಗಳನ್ನು ಕಡಿಮೆ ಮಾಡಿ, ದಪ್ಪಕ್ಷರ ಇಟ್ಟುಕೊಂಡು, ಮಾಡಬೇಕಾದ ಹೊಂದಿಕೆಯನ್ನೆಲ್ಲ ನೆಲದ ಮೇಲೆಯೇ ಮಾಡಿ ಮುಗಿಸುತ್ತಾರೆ. ಹಾರುವಾಗ ಓರೆಗಣ್ಣಿನ ಒಂದು ನೋಟಕ್ಕೆ ಸಿಕ್ಕಷ್ಟೇ ಓದು. ಉಳಿದ ಕಣ್ಣೆಲ್ಲ ಹೊರಗೆ.

ಪರದೆ ಸ್ಥಾನವನ್ನು ಹೇಳುತ್ತದೆ, ಸ್ಥಿತಿಯನ್ನು ಹೇಳಲಾರದು. ಮುಂದಿನ ಎರೆಹೊಲ ಕಾದಿದೆಯೋ ನಿನ್ನೆಯ ಮಳೆಗೆ ತೊಯ್ದಿದೆಯೋ ಅದಕ್ಕೆ ಗೊತ್ತಿಲ್ಲ. ಇಳಿಯಬೇಕೆಂದಿರುವ ಬಯಲಿನಲ್ಲಿ ಹತ್ತಿ ಬೆಳೆದು ನಿಂತಿದೆಯೋ, ದನ ಮೇಯುತ್ತಿವೆಯೋ, ಹೊಸ ವಿದ್ಯುತ್ ತಂತಿ ಎಳೆದಿದ್ದಾರೋ ಎಂಬುದನ್ನು ಕಣ್ಣೇ ಹೇಳಬೇಕು. ದೂರದಲ್ಲಿ ಸುತ್ತುತ್ತಿರುವ ಒಂದು ಹದ್ದು ಹೇಳುವ ಸುದ್ದಿ ಕೆಲವೊಮ್ಮೆ ಏಳು ಉಪಗ್ರಹಗಳೂ ಹೇಳಲಾರದ್ದು.

ಈಗ ಈ ಪರದೆ ಗ್ಲೈಡರಿನಲ್ಲಿ ಮಾತ್ರವಿಲ್ಲ; ನಮ್ಮ ಮಕ್ಕಳ ಕೈಯಲ್ಲಿ, ಬಾಡಿಗೆ ಮೋಟಾರಿನವನ ಮುಂದೆ, ಸಂತೆಗೆ ಹೊರಟ ರೈತನ ಜೇಬಿನಲ್ಲಿಯೂ ಇದೆ. ಅದನ್ನು ಬೇಡವೆನ್ನುವುದು ಅವಿವೇಕ. ಇನ್ನೂರು ವರ್ಷಗಳ ದುಡಿಮೆಯ ಫಲ ಅದು. ಆದರೆ ಊರಿಗೆ ಊರೇ ಬಲ್ಲ ದಾರಿಯನ್ನು ಪರದೆಯನ್ನೇ ಕೇಳಿ ನಡೆಯುವ ಹುಡುಗನಿಗೆ ಕೃಷ್ಣೆ ಯಾವ ಕಡೆ ಹರಿಯುತ್ತಾಳೆ, ಮುಂಗಾರು ಎತ್ತಣಿಂದ ಬರುತ್ತದೆ, ನಮ್ಮೂರ ಗೋಪುರ ಯಾವ ಹೊಲದ ಬದುವಿನಿಂದ ಮೊದಲು ಕಾಣುತ್ತದೆ ಎಂಬುದನ್ನು ಹಿರಿಯರು ಒಮ್ಮೆ ಜೊತೆಗೆ ನಡೆದು ತೋರಿಸಬೇಕು. ಬ್ಯಾಟರಿ ತೀರಿದ ದಿನ ಅವನಿಗೆ ದಿಕ್ಕಾಗುವುದು ಅದೇ.